ಬಾದನಹಟ್ಟಿ ಗೌಡರ ಕರಿ ಬಾನೆಟ್ಟು

ನಿವೃತ್ತರಾದವರು ಅನುಭವ ಬರೆದಾಗ ಜೊತೆಗೊಂದು ಭಾವಚಿತ್ರ ಇರುತ್ತದೆ: ಬಿಳಿ ಕೂದಲು, ಹೆಗಲ ಮೇಲೆ ಶಾಲು, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ನನ್ನ ಹತ್ತಿರ ಈ ಮೂರೂ ಇಲ್ಲ. ನನಗಿನ್ನೂ ಮೂವತ್ತು ತುಂಬಿಲ್ಲ. ಕೂದಲು ಕಪ್ಪಗೇ ಇದೆ, ಇದ್ದಷ್ಟು. ಆದರೂ ನಾನು ನಿವೃತ್ತ. ಕಾರಿಗೆ ಪಾಲಿಶ್ ಹೊಡೆಯುವ ಮಷಿನ್ನನ್ನು ಬೆಳಗಿನಿಂದ ಸಂಜೆವರೆಗೆ ಹಿಡಿದು ಹಿಡಿದು ಬೆರಳು ಜೋಮು ಹಿಡಿಯತೊಡಗಿದವು. ಚಹಾದ ಗ್ಲಾಸು ಎತ್ತಿಕೊಂಡರೆ ಒಳಗೆ ಅಲೆ ಏಳುತ್ತಿತ್ತು. ಡಾಕ್ಟರು, "ಮಷಿನ್ ಬಿಡ್ತಿಯೋ, ಕೈ ಬಿಡ್ತಿಯೋ, ನೀನ ಹೇಳು" ಅಂದರು. ಕೈ ಇಟ್ಟುಕೊಂಡೆ. ಈಗ ಮದುವೆ, ತೊಟ್ಟಿಲು, ಅಂಗಡಿ ಉದ್ಘಾಟನೆಗಳಲ್ಲಿ ಮೈಕು ಹಿಡಿದು ಮಿಮಿಕ್ರಿ ಮಾಡುತ್ತೇನೆ. ಕೈ ನಡುಗಿದರೆ ಜನ ಅದನ್ನೂ ಯಾರದೋ ಮಿಮಿಕ್ರಿ ಎಂದುಕೊಂಡು ಚಪ್ಪಾಳೆ ತಟ್ಟುತ್ತಾರೆ.

ಸತ್ಯನಾರಾಯಣಪೇಟೆಯ ನಮ್ಮ ಓಣಿಯ ಹುಡುಗರು ಕೆಲವರು ಈಗ ಪಾಲಿಶ್ ಕೆಲಸಕ್ಕೆ ಇಳಿದಿದ್ದಾರೆ. "ಬಸಣ್ಣ, ಏನಾರ ಹೇಳಿಕೊಡು" ಎಂದು ಬೆನ್ನು ಬಿದ್ದಿದ್ದಾರೆ. ತಮ್ಮಂದಿರಾ, ಮಷಿನ್ ಹಿಡಿಯುವುದನ್ನು ಮೊಬೈಲು ನೋಡಿ ಕಲಿಯಬಹುದು. ಗಿರಾಕಿ ಎದುರು ಬಾಯಿ ತೆರೆಯುವುದನ್ನು ಯಾವ ಮೊಬೈಲೂ ಕಲಿಸುವುದಿಲ್ಲ. ಬಾಯಿಯೊಂದರಿಂದಲೇ ಬದುಕಿದವನು ನಾನು, ಆದ್ದರಿಂದ ಹೇಳುತ್ತೇನೆ.

ಮೊದಲು ಕಾಯಿಲೆ ತಿಳಿದುಕೊಳ್ಳಿ. ಕರಿ ಕಾರು ನೆರಳಲ್ಲಿ ನಿಂತಾಗ ಅದರಷ್ಟು ಚೆಲುವೆ ಇನ್ನೊಬ್ಬಳಿಲ್ಲ. ಬಿಸಿಲಿಗೆ ತನ್ನಿ. ಸೂರ್ಯನ ಬಿಂಬದ ಸುತ್ತ ಕೂದಲಿಗಿಂತ ಸಣ್ಣ ಗೀರುಗಳು ಸುತ್ತು ಸುತ್ತಾಗಿ ಹೊಳೆಯುತ್ತವೆ, ಜೇಡ ರಾತ್ರಿಯೆಲ್ಲ ಕೂತು ಬಲೆ ನೇಯ್ದ ಹಾಗೆ. ಉಗುರಿಗೆ ಸಿಗುವುದಿಲ್ಲ, ಕಣ್ಣಿಗೆ ಮಾತ್ರ ತಪ್ಪುವುದಿಲ್ಲ. ಬಿಳಿ ಕಾರಿನಲ್ಲೂ ಇವು ಇರುತ್ತವೆ, ಕಾಣುವುದಿಲ್ಲ. ಬಿಳಿ ಕಾರಿನವರು ಸುಖವಾಗಿ ನಿದ್ದೆ ಮಾಡುತ್ತಾರೆ. ಕೆಂಪು ಧೂಳೂ ಬಿಸಿಲೂ ಪೈಪೋಟಿಗೆ ಬಿದ್ದಿರುವ ಬಳ್ಳಾರಿಯಲ್ಲಿ ಕರಿ ಕಾರು ಕೊಳ್ಳುವುದೆಂದರೆ ಬಿಳಿ ಪಂಚೆ ಉಟ್ಟು ಓಕುಳಿ ಆಡಲು ಹೋದಂತೆ.

ಬಣ್ಣದ ಮೇಲೆ ಗಾಜಿನಂಥ ತೆಳು ಪದರ ಒಂದಿರುತ್ತದೆ, ಕ್ಲಿಯರ್ ಕೋಟ್ ಅನ್ನುತ್ತಾರೆ. ಗೀರು ಬೀಳುವುದು ಅದರ ಮೇಲೆ. ಪಾಲಿಶ್ ಎಂದರೆ ಗೀರನ್ನು ತುಂಬುವುದು ಎಂದು ಜನ ತಿಳಿದಿದ್ದಾರೆ. ನಾವು ಮಾಡುವುದು ಗೀರಿನ ಸುತ್ತಲಿನ ಪದರವನ್ನೇ ಗೀರಿನ ಆಳದವರೆಗೆ ಸವೆಸುವ ಕೆಲಸ. ಗುಂಡಿ ಮುಚ್ಚಲು ಮಣ್ಣಿಲ್ಲವೆಂದು ಊರನ್ನೇ ತಗ್ಗಿಸಿದ ಹಾಗೆ. ಅಂದಮೇಲೆ ಪ್ರತಿ ಪಾಲಿಶ್‌ಗೂ ಪದರ ಇಷ್ಟಿಷ್ಟೇ ತೆಳುವಾಗುತ್ತದೆ, ಒಂದು ದಿನ ಮುಗಿದೇ ಹೋಗುತ್ತದೆ. ಆಮೇಲೆ ಮಷಿನ್ ಮುಟ್ಟಿಸಿದರೆ ಬಣ್ಣವೇ ಎದ್ದು ಬರುತ್ತದೆ.

ಇದನ್ನು ನನಗೆ ಕಲಿಸಿದವರು ಗಾಂಧಿನಗರದಲ್ಲಿ ಅಂಗಡಿ ಇಟ್ಟಿದ್ದ ಮಹಬೂಬ್ ಉಸ್ತಾದರು. ನಾನು ಸೇರಿದಾಗ ಅಲ್ಲಿದ್ದದ್ದು ಹಳೇ ಮಷಿನ್, ಉಣ್ಣೆಯ ಪ್ಯಾಡು. ಸ್ವಿಚ್ ಒತ್ತಿದರೆ ಮಷಿನ್ ನನ್ನನ್ನು ಹಿಡಿದುಕೊಂಡು ಕಾರಿನ ಸುತ್ತ ಓಡಾಡಿಸುತ್ತಿತ್ತು. ಆಮೇಲೆ ಹೊಸ ಮಷಿನ್ ಬಂತು. ಅದು ತಿರುಗುತ್ತ ತಿರುಗುತ್ತಲೇ ಅಲ್ಲಾಡುತ್ತದೆ, ಸ್ಪಂಜಿನ ಪ್ಯಾಡು, ಬಣ್ಣ ಸುಡುವ ಭಯ ಕಡಿಮೆ. ಉಸ್ತಾದರು ಅದನ್ನು ಒಂದು ವಾರ ಮೂಸಿಯೂ ನೋಡಲಿಲ್ಲ. "ಇದು ಪಾಲಿಶ್ ಮಷಿನ್ನೇನ್ಲೇ? ಬೆನ್ನು ತಿಕ್ಕೋ ಮಷಿನ್ ಇದ್ದಂಗ ಐತಿ" ಎಂದು ದೂರ ಇಟ್ಟಿದ್ದರು. ಒಂದು ಮಧ್ಯಾಹ್ನ ನಾನು ಊಟ ಮುಗಿಸಿ ಬಂದರೆ, ಕಣ್ಣು ಮುಚ್ಚಿಕೊಂಡು ಅದೇ ಮಷಿನ್ನನ್ನು ಸೊಂಟಕ್ಕೆ ಹಿಡಿದುಕೊಂಡು ಕೂತಿದ್ದರು. ಅಂದಿನಿಂದ ಹೊಸ ಮಷಿನ್ ಅಂಗಡಿಯ ಕೆಲಸಕ್ಕೆ ಬಂತು.

ಆ ಮಷಿನ್ನಿನ ಸದ್ದನ್ನು ನಾನು ಬಾಯಲ್ಲೇ ಮಾಡುತ್ತಿದ್ದೆ. ಶುರುವಿಗೆ ಒಂದು ಬಿಕ್ಕಳಿಕೆ, ಆಮೇಲೆ ಡುರ್ರ್ ಎಂದು ಏರಿ, ಪ್ಯಾಡು ಒತ್ತಿದಾಗ ಸ್ವರ ಇಳಿಯುವುದು, ಎಲ್ಲ ಥೇಟು. ಉಸ್ತಾದರು ಮುಂದೆ ಗಿರಾಕಿ ಜೊತೆ ಕೂತಾಗ ನಾನು ಹಿಂದೆ ಖಾಲಿ ಡಬ್ಬದ ಮೇಲೆ ಕೂತು, ಬಾಯಲ್ಲಿ ಮಷಿನ್ ಓಡಿಸುತ್ತ, ನಡುನಡುವೆ ಚಹಾ ಕುಡಿಯುತ್ತಿದ್ದೆ. ಚಹಾ ಗುಟುಕರಿಸುವಾಗ ಮಷಿನ್ ನಿಲ್ಲುತ್ತಿತ್ತು. ಪ್ಯಾಡು ಬದಲಿಸುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು. ಒಂದು ದಿನ ಉಸ್ತಾದರು ಬಂದು ಬಾಗಿಲಲ್ಲಿ ನಿಂತರು.

"ಬಸ್ಯಾ, ನಿನ್ನ ಮಷಿನ್‌ಗೆ ಕರೆಂಟ್ ಎಲ್ಲಿಂದ ತಗಂಡೀಯಲೇ?"

"ಯಾಕ್ರಿ ಉಸ್ತಾದ್?"

"ಇಡೀ ಗಾಂಧಿನಗರದಾಗ ಕರೆಂಟ್ ಹೋಗಿ ತಾಸಾತು. ನಿಂದೊಂದ ಓಡಾಕ ಹತ್ತೈತಿ. ನಮ್ಮ ಮನಿಗೂ ಒಂದು ಲೈನ್ ಎಳಿಯಪ."

ಸಿರುಗುಪ್ಪದ ಅನುಭವವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಬೂದಿಯ ಬಗ್ಗೆ ನನಗೆ ಬುದ್ಧಿ ಬಂದದ್ದು ಅಲ್ಲಿ. ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ತಮ್ಮ ಕರಿ ಕಾರನ್ನು ಬಳ್ಳಾರಿಗೆ ಕಳಿಸಲೊಪ್ಪದೆ, "ಮೀರೇ ರಂಡಿ, ನೀವ ಬರ್ರಿ, ಇಲ್ಲೇ ನೆರಳೈತಿ" ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕರೆಸಿದರು. ಹೋಗಿ ನೋಡಿದರೆ ನೆರಳು ಗಿರಣಿಯ ಚಿಮಣಿಯದು. ನಾವು ಬಾನೆಟ್ಟನ್ನು ಕನ್ನಡಿ ಮಾಡಿ ಮೇಲ್ಛಾವಣಿಗೆ ಕೈ ಹಾಕಿದೆವು. ತಿರುಗಿ ನೋಡಿದರೆ ಬಾನೆಟ್ಟು ಬೂದು. ಭತ್ತದ ಹೊಟ್ಟು ಸುಟ್ಟ ಬೂದಿ ಹಿಟ್ಟು ಜರಡಿ ಹಿಡಿದ ಹಾಗೆ ಇಳಿಯುತ್ತಿತ್ತು. ನೀರು ಹಾಕಿ ತೊಳೆದೆವು, ಮತ್ತೆ ಛಾವಣಿಗೆ ಹೋದೆವು, ಮತ್ತೆ ಬಾನೆಟ್ಟು ಬೂದು. ಸಂಜೆ ಸಾಹುಕಾರರು ಬಂದು ಸೊಂಟಕ್ಕೆ ಕೈಯಿಟ್ಟರು.

"ಏಂದಯ್ಯಾ ಇದಿ! ಕರಿ ಗಾಡಿ ಕೊಟ್ಟೀನಿ, ಬೂದಿ ಬಣ್ಣ ಹೊಡದೀರಿ?"

"ಸಾಹುಕಾರ, ಒಂದೆರಡು ತಾಸು ಮಿಲ್ ನಿಂದ್ರಸ್ರಿ, ಮುಗಿಸಿಕೊಡ್ತೀವಿ" ಎಂದರು ಉಸ್ತಾದರು.

"ಮಿಲ್ ನಿಂದ್ರಸೋದಾ? ಸುಗ್ಗ್ಯಾಗ? ನಿಮ್ಮ ಪಾಲಿಶ್ ಬ್ಯಾಡ ನನಗ, ನೀವು ಬಳ್ಳಾರಿ ಬಸ್ ಹತ್ರಿ!"

ಬಸ್ಸಿಗೆ ಕಾಯುತ್ತ ನಿಂತಾಗ ಉಸ್ತಾದರು ತಮ್ಮ ಕರಿ ಮೊಬೈಲಿನ ಹಿಂಬದಿಗೆ ಅಂಗಿಯ ಮೇಲಿನ ಚಿಟಿಕೆ ಬೂದಿ ಉದುರಿಸಿ ಒಣಬಟ್ಟೆಯಿಂದ ಒರೆಸಿ ನನ್ನ ಮೂಗಿನ ಹತ್ತಿರ ಹಿಡಿದರು. ಹೊಳಪಿನ ತುಂಬ ಸುತ್ತು ಸುತ್ತು ಗೀರು. "ಹಿಟ್ಟಿನಂಗ ಕಾಣ್ತೈತಿ. ಒಳಗ ಹಲ್ಲು ಅದಾವು. ಬೂದಿ ಬಿದ್ದ ಗಾಡಿಗೆ ನೀರು ಬಿಡು, ಒಣ ಅರಿವಿ ಹಚ್ಚಬ್ಯಾಡ." ಮೊಬೈಲು ಹಾಳಾದದ್ದಕ್ಕೆ ಮನೆಯಲ್ಲಿ ಏನು ಹೇಳಿದರೋ ತಿಳಿಯದು. ನನ್ನ ಹೆಸರೇ ಹೇಳಿರುತ್ತಾರೆ.

ಇನ್ನು ಗೌಡರ ವಿಷಯಕ್ಕೆ ಬರುತ್ತೇನೆ.

ಬಾದನಹಟ್ಟಿಯ ಸಿದ್ದನಗೌಡರು ಕುರುಗೋಡು ಸುತ್ತಿನಲ್ಲಿ ಹೊಲ, ಎಮ್ಮೆ, ಮೀಸೆ ಮೂರನ್ನೂ ಚೆನ್ನಾಗಿ ಬೆಳೆಸಿದವರು. ಮಾತಿಗೆ ಮುಂಚೆ "ಹ್ಹುಂ" ಎಂದು ಒಂದು ಕೆಮ್ಮು, ಮಾತಿನ ಕೊನೆಗೆ "ಶಿವಾ" ಎಂದು ಒಂದು ನಿಟ್ಟುಸಿರು. ನಡುವಿನದು ಹುಕುಂ. ಅವರ ಕರಿ ಕಾರು ಬೆಟ್ಟದಂಥದ್ದು. ಓಡಿಸುವುದು ಅವರಿಗೆ ಬಾರದು. ಕೊಂಡ ಹೊಸದರಲ್ಲಿ ಒಮ್ಮೆ ಹಟಕ್ಕೆ ಬಿದ್ದು ಓಡಿಸಿ ನೇರವಾಗಿ ಬಣವೆಯೊಳಗೆ ಹೋಗಿ, ಜನ ಮೇವು ಸರಿಸಿ ಹೊರಗೆಳೆಯುವವರೆಗೆ ಹಾರ್ನ್ ಒತ್ತುತ್ತ ಕೂತಿದ್ದರಂತೆ. ಓಡಿಸುವವನು ಹುಲುಗಪ್ಪ. ಮೊದಲು ಅವರ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಗೌಡರ ಹಿತ್ತಲಿನ ಕೋಣೆಯಲ್ಲೇ ಅವನ ಸಂಸಾರ, ಮಗಳು ಕುರುಗೋಡಿನ ಹೈಸ್ಕೂಲಿಗೆ ಹೋಗುತ್ತಿದ್ದಳು. ಮಾತು ಕಡಿಮೆಯ ಮನುಷ್ಯ. ಅವನ ಪಾಲಿನ ಮಾತನ್ನೂ ಗೌಡರೇ ಆಡುತ್ತಿದ್ದರು.

ಮೊದಲ ಸಲ ಪಾಲಿಶ್ ಮುಗಿದಾಗ ಗೌಡರು ಬಾನೆಟ್ಟಿನಲ್ಲಿ ಬಗ್ಗಿ ನೋಡಿಕೊಂಡು ಮೀಸೆ ಬಾಚಿಕೊಂಡರು. "ಹ್ಹುಂ. ಮನ್ಯಾಗಿನ ಕನ್ನಡಿಗಿಂತ ಚಲೋ ಐತಿ. ಶಿವಾ."

ಸ್ವಲ್ಪ ದಿನಕ್ಕೆ ಕಾರು ಮರಳಿ ಬಂತು. ಬಾನೆಟ್ಟಿನ ಮೇಲೆ ಮತ್ತೆ ಜೇಡರ ಬಲೆ. ಬಾಗಿಲು, ಛಾವಣಿ, ಹಿಂಭಾಗ ಎಲ್ಲ ನಾವು ಬಿಟ್ಟ ಹಾಗೇ ಇವೆ, ಬಾನೆಟ್ಟೊಂದೇ ಹಾಳು. ಗೌಡರು ನಮ್ಮನ್ನು ಬಿಟ್ಟು ಹುಲುಗಪ್ಪನ ಕಡೆ ತಿರುಗಿದರು.

"ಹೊಲಸು ಅರಿವಿ ಹಾಕಿ ತಿಕ್ಕಿಯೇನ್ಲೇ?"

"ಇಲ್ರಿ ಧಣಿ."

"ಮತ್ತ ಗೀರು ತಾವ ನಡಕಂತ ಬಂದ್ವಾ?"

ಹುಲುಗಪ್ಪ ತನ್ನ ಚಪ್ಪಲಿ ನೋಡಿಕೊಂಡ. ಉಸ್ತಾದರು ಪಾಲಿಶ್ ಹಾಕಿದರು. ಪದರದ ದಪ್ಪ ಅಳೆಯುವ ಸಣ್ಣ ಮೀಟರನ್ನು ಬಾನೆಟ್ಟಿಗೆ ಒತ್ತಿ ನೋಡಿ, ನನ್ನ ಕಿವಿಯಲ್ಲಿ, "ಇನ್ನೊಂದ ಸಲ ತಡದೀತು. ಅದ್ರ ಮ್ಯಾಲ ಹೊಡದ್ರ ಬಣ್ಣ ಹೊಕ್ಕತಿ" ಎಂದರು. ಗೌಡರಿಗೂ ಅದನ್ನೇ ಮೆತ್ತಗೆ ಹೇಳಿದರು. ಗೌಡರು ಹುಲುಗಪ್ಪನಿಗೆ ಗಟ್ಟಿಯಾಗಿ ಹೇಳಿದರು: "ಕೇಳಿದ್ಯಾ? ಇನ್ನೊಮ್ಮೆ ಗೀರು ಕಾಣಸ್ಲಿ, ಚಾವಿ ಇಟ್ಟು ಹಾದಿ ಹಿಡಿ. ಕೋಣಿನೂ ಬಿಡು. ಶಿವಾ."

ಉಸ್ತಾದರಿಗೆ ಅನುಮಾನ. "ತೊಳಿಯೋದ್ರಾಗ ತಪ್ಪಿದ್ರ ಬಾಗಿಲ ಮ್ಯಾಗೂ ಗೀರು ಬೀಳ್ಬೇಕಲ್ಲ. ಬಸ್ಯಾ, ನಾಡಿದ್ದು ಬಾದನಹಟ್ಟಿಗೆ ಹೋಗಿ ನೋಡ್ಕಂಡು ಬಾ."

ಆ ದಿನ ಬೆಳಗ್ಗೆ ಹೋದೆ. ಹುಲುಗಪ್ಪ ಕಾರು ತೊಳೆಯುವುದನ್ನು ನೋಡಿ ನನಗೆ ನಾಚಿಕೆಯಾಯಿತು. ಸೋಪಿಗೊಂದು ಬಕೆಟ್ಟು, ಬಟ್ಟೆ ಹಿಂಡಲು ಇನ್ನೊಂದು, ಕೆಳಗೆ ಬಿದ್ದ ಬಟ್ಟೆಯನ್ನು ಮತ್ತೆ ಮುಟ್ಟುತ್ತಿರಲಿಲ್ಲ. ನಮ್ಮ ಅಂಗಡಿಯಲ್ಲಿ ನಾನು ಅಷ್ಟು ಶಿಸ್ತಾಗಿ ನನ್ನ ಮುಖವನ್ನೂ ತೊಳೆದವನಲ್ಲ. ತೊಳೆಯುವಾಗಲೂ ಬಾನೆಟ್ಟಿನ ನಡುವೆ ಒಂದು ಜಾಗ ಬಿಟ್ಟಿದ್ದ. ಅಲ್ಲಿ ನಿನ್ನೆಯ ವಿಭೂತಿಯ ಮೂರು ಪಟ್ಟೆ. ಅದನ್ನು ಮುಟ್ಟುವ ಅಧಿಕಾರ ಅವನಿಗಿಲ್ಲ.

ಅಷ್ಟರಲ್ಲಿ ಗೌಡರು ಪೂಜೆ ಮುಗಿಸಿ ಹೊರಬಂದರು. ಹೆಗಲ ಮೇಲೆ ಟವೆಲು. ಅದರಿಂದ ಜಗಲಿಯ ಧೂಳು ಹೊಡೆದರು, ಕೋಳಿ ಓಡಿಸಿದರು, ಕತ್ತು ಒರೆಸಿಕೊಂಡರು. ಕಾರಿನ ಹತ್ತಿರ ಬಂದು ಅದೇ ಟವೆಲನ್ನು ಮಡಿಚಿ, ನಿನ್ನೆಯ ಒಣ ವಿಭೂತಿಯನ್ನು ಗರಗರ ಉಜ್ಜಿ ತೆಗೆದರು. ಮಗುವಿನ ಮೂಗು ಒರೆಸುವ ಅಜ್ಜಿಯ ಪ್ರೀತಿ, ಕಣದಲ್ಲಿ ಗುಂಡುಕಲ್ಲು ಎಳೆಯುವ ಎತ್ತಿನ ಬಲ. ಆಮೇಲೆ ಮೂರು ಬೆರಳಿಂದ ಹೊಸ ಪಟ್ಟೆ ಎಳೆದು, ಕೈ ಮುಗಿದು, "ಶಿವಾ" ಎಂದು ಒಳಗೆ ಹೋದರು.

ನನಗೆ ಸಿರುಗುಪ್ಪದ ಬೂದಿ ನೆನಪಾಯಿತು. ಹುಲುಗಪ್ಪನ ಮುಖ ನೋಡಿದೆ. ಅವನು ಬೇವಿನ ಮರ ನೋಡುತ್ತಿದ್ದ.

"ದಿನಾ ಹಿಂಗ ಏನಣ್ಣ?"

"ದಿನಾ."

"ಮತ್ತ ಹೇಳಬಾರದಾ?"

"ಏನಂತ ಹೇಳ್ಲಿ? ಧಣಿ, ದೇವ್ರ ಈಬತ್ತಿಯಿಂದ ನಿಮ್ಮ ಗಾಡಿ ಕೆಟ್ಟೈತಿ ಅಂತನಾ? ಗೀರು ಬಿದ್ರ ಬರೇ ಕೆಲಸ ಹೊಕ್ಕತಿ ತಮ್ಮಾ. ಈ ಮಾತು ಆಡಿದ್ರ ಊರಾಗ ನನ್ನ ಮುಖಾನೂ ಹೊಕ್ಕತಿ."

ನಾನೇ ಹೇಳುತ್ತೇನೆಂದು ಎದೆ ಉಬ್ಬಿಸಿ ಜಗಲಿ ಹತ್ತಿದೆ. ಗೌಡರ ಹಣೆಯ ಮೇಲಿನ ಪಟ್ಟೆ ನೋಡಿದ ಕೂಡಲೇ ಎದೆ ತಾನಾಗಿ ಇಳಿಯಿತು. "ಗೌಡ್ರ, ಈ ಕಡಿ ಧೂಳು ಜಾಸ್ತಿರಿ. ಬಾನೆಟ್ ಮ್ಯಾಲ ಕುಂತಿರತೈತ್ರಿ" ಎಂದಷ್ಟೇ ಅಂದೆ.

"ಹ್ಹುಂ. ಹೌದೇನು? ಹಂಗಾರ ನಾಳಿಂದ ಸಂಜಿಕೂ ಒಮ್ಮೆ ನಾನ ವರಸ್ತೀನಿ ತಗ."

ಉದ್ಧಾರ ಮಾಡಲು ಹೋಗಿ ಬಾನೆಟ್ಟಿನ ಆಯುಷ್ಯವನ್ನು ಅರ್ಧಕ್ಕೆ ಇಳಿಸಿ ಬಂದೆ.

ಅಂಗಡಿಯಲ್ಲಿ ನಾನೂ ಉಸ್ತಾದರೂ ಈ ಮಾತನ್ನು ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ಸಾಗಿಸಿದೆವು.

"ನೀನ ಹೇಳಬೇಕ್ಲೇ. ನೀವು ನೀವು ಈಬತ್ತಿ ಹಚ್ಚೋರು. ನಾ ಹೇಳಿದ್ರ ಚಲೋ ಕಾಣಂಗಿಲ್ಲ."

"ಉಸ್ತಾದ್, ನಮ್ಮವ್ವ ನನ್ನ ಹಣಿ ನೋಡಿ ಆಮ್ಯಾಲ ರೊಟ್ಟಿ ಹಾಕಾಕಿ. ಈ ಸುದ್ದಿ ಸತ್ಯನಾರಾಯಣಪೇಟಿಗೆ ಬಂದ್ರ ನನಗ ರೊಟ್ಟಿ ಬಂದ್."

"ಊರ ಮಂದಿನ್ನೆಲ್ಲಾ ಆಡ್ಕಂತ ತಿರಗ್ತಿ, ಒಂದು ಖರೇ ಮಾತು ಹೇಳಾಕ ಬಾಯಿ ಇಲ್ಲ ನಿನಗ!"

ಅದು ನಿಜವೇ ಆಗಿತ್ತು. ನನ್ನ ಬಾಯಿ ಬೇರೆಯವರ ದನಿಯಲ್ಲಿ ಹುಲಿ, ನನ್ನ ದನಿಯಲ್ಲಿ ಇಲಿ.

ಮುಂದೆ ಏನಾಗಬೇಕೋ ಅದು ಬೇಗನೇ ಆಯಿತು. ಒಂದು ಮಧ್ಯಾಹ್ನ ಕರಿ ಕಾರು ಬಂದು ಅಂಗಡಿ ಮುಂದೆ ಬಿಸಿಲಲ್ಲಿ ನಿಂತಿತು. ಬಾನೆಟ್ಟಿನ ಮೇಲಿನ ಬಲೆ ರಸ್ತೆಯ ಆಚೆ ಬದಿಗೇ ಕಾಣುತ್ತಿತ್ತು. ಗೌಡರು ಇಳಿದರು, ಹುಲುಗಪ್ಪನೂ ಇಳಿದ. ಗೌಡರು ಅಂಗೈ ಚಾಚಿದರು.

"ಚಾವಿ."

ಹುಲುಗಪ್ಪ ಚಾವಿ ಇಟ್ಟ. ಕಾರಿನ ಬಾಗಿಲು ತೆಗೆದು ತನ್ನ ಸಾಮಾನು ಇಳಿಸತೊಡಗಿದ: ಬೆನ್ನಿಗಿಡುವ ಸಣ್ಣ ದಿಂಬು, ಬಾಚಣಿಕೆ, ನೀರಿನ ಬಾಟಲಿ, ಮಗಳಿಗೆಂದು ಕೊಂಡಿದ್ದ ಹೊಸ ಕಂಪಾಸು ಡಬ್ಬಿ. ಎಲ್ಲವನ್ನೂ ದಿಂಬಿನ ಮೇಲೆ ಜೋಡಿಸಿ ಗೋಡೆಯ ಪಕ್ಕ ಇಟ್ಟುಕೊಂಡು ನಿಂತ.

"ಹ್ಹುಂ. ನಾಳಿಂದ ಬ್ಯಾರೆ ಡ್ರೈವರ್ ನೋಡೀನಿ. ಉಸ್ತಾದ್, ಕಡೀ ಪಾಲಿಶ್ ಹಚ್ಚಿಬಿಡ್ರಿ. ಶಿವಾ."

ಉಸ್ತಾದರು ಕುರ್ಚಿ ಎಳೆದರು, ಚಹಾ ತರಿಸಿದರು, ಫ್ಯಾನು ತಿರುಗಿಸಿದರು. ಹೊತ್ತು ಕಳೆಯುವ ದಾರಿಗಳೆಲ್ಲ ಮುಗಿದ ಮೇಲೆ, "ಬಸ್ಯಾ, ಗೌಡ್ರು ಬಿಸಿಲಾಗ ಬಂದಾರ, ನಿನ್ನ ಆಟ ತೋರಸ್ಲೇ" ಎಂದು ನನ್ನನ್ನೇ ಮುಂದೆ ತಳ್ಳಿದರು.

ನಾನು ಸಿರುಗುಪ್ಪದ ಸಾಹುಕಾರರನ್ನು ಮಾಡಿದೆ. ಗೌಡರ ಮೀಸೆ ಅಲ್ಲಾಡಿತು. ಉಸ್ತಾದರು ಹೊಸ ಮಷಿನ್‌ನಿಂದ ಸೊಂಟ ತಿಕ್ಕಿಕೊಳ್ಳುವುದನ್ನು ಮಾಡಿದೆ, ಬಾಯಲ್ಲೇ ಮಷಿನ್ ಸದ್ದು ಸಮೇತ. ಗೌಡರು ನಕ್ಕು ನಕ್ಕು ಚಹಾ ಪಂಚೆಗೆ ಚೆಲ್ಲಿಕೊಂಡರು. "ಭಾಳ ಬೆರಕಿ ಅದೀಯಲೇ! ಎಲ್ಲಾರನ್ನೂ ಮಾಡಿದಿ. ಈಗ ನಂದು ಮಾಡು!"

"ಬ್ಯಾಡ್ರಿ ಗೌಡ್ರ."

"ಮಾಡಂದ್ರ ಮಾಡ್ಬೇಕು!"

ಉಸ್ತಾದರ ಹೆಗಲಿಂದ ಟವೆಲು ಎಳೆದುಕೊಂಡೆ. "ಹ್ಹುಂ" ಎಂದು ಕೆಮ್ಮಿದೆ. ಗೌಡರು ತೊಡೆ ತಟ್ಟಿ ನಕ್ಕರು. ಹೊಟ್ಟೆ ಮುಂದೆ ಮಾಡಿ ಇಲ್ಲದ ಜಗಲಿ ಇಳಿದೆ, ಇಲ್ಲದ ಕೋಳಿ ಓಡಿಸಿದೆ, "ಹುಲುಗಾ, ಎಮ್ಮಿಗೆ ನೀರು ಕುಡಿಸ್ದ್ಯಾ? ನೀ ಕುಡದ್ಯಾ?" ಎಂದೆ. ಟವೆಲಿಂದ ಕುರ್ಚಿಯ ಧೂಳು ಹೊಡೆದೆ, ಕತ್ತು ಒರೆಸಿಕೊಂಡೆ. ಗೌಡರ ನಗು ಜೋರಾಯಿತು. ಹಾಗೇ ಬಾನೆಟ್ಟಿನ ಮುಂದೆ ಹೋಗಿ ನಿಂತೆ. ಟವೆಲು ಮಡಿಚಿದೆ. ಮುಟ್ಟಿಸಲಿಲ್ಲ, ಒಂದು ಬೆರಳು ಮೇಲೆ ಗಾಳಿಯಲ್ಲೇ ಉಜ್ಜಿದೆ. ಸದ್ದು ಮಾತ್ರ ಬಾಯಲ್ಲಿ ಮಾಡಿದೆ. ಬಟ್ಟೆಯ ಸದ್ದಲ್ಲ, ಬಟ್ಟೆಯೊಳಗಿನ ಮರಳಿನದು: ಗರ್ರ್... ಗರ್ರ್... ಗರ್ರ್. ಆಮೇಲೆ ಮೂರು ಬೆರಳು ಗಾಳಿಯಲ್ಲಿ ಎಳೆದು, ಕೈ ಮುಗಿದು, ಮೆತ್ತಗೆ "ಶಿವಾ" ಅಂದೆ.

ಯಾರೂ ನಗಲಿಲ್ಲ.

ಗೌಡರು ಗ್ಲಾಸು ಕೆಳಗಿಟ್ಟು ಎದ್ದು ಬಂದರು. ನನ್ನ ಕೆನ್ನೆ ತಾನಾಗಿಯೇ ಸಿದ್ಧವಾಯಿತು. ಅವರು ನನ್ನನ್ನು ದಾಟಿ ಬಾನೆಟ್ಟಿನ ಮುಂದೆ ನಿಂತರು. ದಿನಾ ನಿಲ್ಲುವ ಜಾಗದಲ್ಲೇ. ಬಲಗೈ ಚಾಚಿ ಗಾಳಿಯಲ್ಲಿ ಆ ತುದಿಯಿಂದ ಈ ತುದಿಗೆ ಆಡಿಸಿ ನೋಡಿದರು. ಅವರ ಕೈ ಎಲ್ಲಿಯವರೆಗೆ ಹೋಗುತ್ತಿತ್ತೋ ಗೀರು ಅಲ್ಲಿಯವರೆಗೆ ಇತ್ತು. ಅದರಾಚೆ ಬಣ್ಣ ಬಾವಿಯ ನೀರಿನ ಹಾಗೆ ತಣ್ಣಗಿತ್ತು.

"ನಾನಾ?" ಎಂದರು.

ನಾನು ಉಸ್ತಾದರ ಮುಖ ನೋಡಿದೆ. ಉಸ್ತಾದರು ಫ್ಯಾನಿನ ಮುಖ ನೋಡಿದರು. ಬಾಯಿ ಬಿಟ್ಟವನು ಗೋಡೆಯ ಪಕ್ಕದ ಹುಲುಗಪ್ಪ.

"ಅಲ್ರಿ ಧಣಿ. ಗಾಳಿಗೆ ಆಗಿರ್ಬೇಕು."

"ಗಾಳಿ ಹೆಗಲ ಮ್ಯಾಲ ಟವಲ್ ಇರತೈತೇನ್ಲೇ?" ಎಂದರು ಗೌಡರು.

ಆಮೇಲೆ ಉಸ್ತಾದರ ಕಡೆ ತಿರುಗಿ, "ಈಬತ್ತಿ ಬಿಡಾಕ ಆಗಂಗಿಲ್ಲ ನೋಡ್ರಿ" ಎಂದರು, ಕೆಮ್ಮಿಲ್ಲದೆ, ಹುಕುಮಿನ ದನಿಯಿಲ್ಲದೆ.

"ಬಿಡ್ರಿ ಅಂದೋರು ಯಾರು ಗೌಡ್ರ? ಜಾಗ ಬದಲ್ ಮಾಡ್ರಿ. ಮುಂದಿನ ಗಾಜಿಗೆ ಹಚ್ರಿ. ಗಾಜು ಗಟ್ಟಿ ಇರತೈತಿ. ಮರುದಿನ ಒಂದು ಚೊಂಬು ನೀರು ಬಿಟ್ರ ಆತು. ದೇವ್ರಿಗೂ ಅಭಿಷೇಕ ಆದಂಗ ಆತು."

ಗೌಡರಿಗೆ ಅಭಿಷೇಕದ ಮಾತು ಹಿಡಿಸಿತು. ಕೈಯಲ್ಲಿದ್ದ ಚಾವಿಯನ್ನು ಒಮ್ಮೆ ನೋಡಿಕೊಂಡರು. ತಪ್ಪಾಯಿತು ಎಂಬ ಮಾತು ಅವರ ಬಾಯಿಗೆ ಅಭ್ಯಾಸವಿರಲಿಲ್ಲ, ಹುಲುಗಪ್ಪನ ಕಿವಿಗೂ ಇರಲಿಲ್ಲ. ಗೋಡೆಯ ಪಕ್ಕದ ಸಾಮಾನು ಕಂಡು ರೇಗಿದರು.

"ಹ್ಹುಂ! ಆ ದಿಂಬು ಯಾಕಲೇ ಹೊರಗ ಐತಿ? ಧೂಳು ಹತ್ತಂಗಿಲ್ಲೇನು? ಒಳಗಿಡು. ಕಂಪಾಸ್ ಡಬ್ಬಿ ಬಿಸಿಲಿಗೆ ಇಟ್ಟೀಯಲ್ಲ, ಹುಡಿಗಿಗೆ ಏನ್ ಹೇಳ್ತಿ?" ಚಾವಿ ಹಾರಿ ಹೋಗಿ ಹುಲುಗಪ್ಪನ ಎದೆಗೆ ತಾಗಿತು. ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಕೊನೆಯ ಪಾಲಿಶನ್ನು ಉಸ್ತಾದರು ನನ್ನ ಕೈಗೆ ಕೊಡಲಿಲ್ಲ. ಅತಿ ಮೆತ್ತನೆಯ ಪ್ಯಾಡು ಹಾಕಿ, ಅಂಗೈ ಅಗಲದಷ್ಟು ಜಾಗ ಮಾಡುವುದು, ಮೀಟರು ಒತ್ತುವುದು, ಮತ್ತೆ ಅಂಗೈ ಅಗಲ. ಎಲ್ಲ ಗೀರೂ ಹೋಗಲಿಲ್ಲ. ಆಳದ ಕೆಲವನ್ನು ಹಾಗೇ ಬಿಟ್ಟರು. ತಮ್ಮಂದಿರಾ, ಎಲ್ಲಿ ಕೈ ತೆಗೆಯಬೇಕೆಂದು ಗೊತ್ತಾಗುವುದೇ ಈ ಕೆಲಸದ ಕೊನೆಯ ಪಾಠ. ಗೌಡರು ಉಳಿದ ಗೀರುಗಳ ನಡುವೆಯೇ ಬಗ್ಗಿ ನೋಡಿ ಮೀಸೆ ಬಾಚಿಕೊಂಡರು.

ಮಳೆಗಾಲದ ಹೊತ್ತಿಗೆ ಕಾರು ಇನ್ನೊಮ್ಮೆ ಬಂತು, ಬರೀ ತೊಳೆಸಲು. ಬಾನೆಟ್ಟು ನಾವು ಬಿಟ್ಟ ಹಾಗೇ ಇತ್ತು. ಹುಲುಗಪ್ಪ ಓಡಿಸುತ್ತಿದ್ದ, ಗೌಡರು ಪಕ್ಕದ ಸೀಟಿನಲ್ಲಿ. ಹುಲುಗಪ್ಪನ ಎದುರಿನ ಗಾಜು ಥಳಥಳ. ಗೌಡರ ಎದುರಿನ ಗಾಜಿಗೆ, ನೇರ ಅವರ ಕಣ್ಣಿನ ಮಟ್ಟಕ್ಕೆ, ಗೋಡೆಗೆ ಸುಣ್ಣ ಬಳಿದಷ್ಟು ದಪ್ಪಗೆ ಮೂರು ಪಟ್ಟೆ. ಆ ಪಟ್ಟೆಯ ಹಿಂದೆ ಗೌಡರ ಮೀಸೆಯ ತುದಿಯೊಂದೇ ಕಾಣುತ್ತಿತ್ತು.

"ಗೌಡ್ರ, ಬಾದನಹಟ್ಟಿಯಿಂದ ಹಿಂಗ ಬಂದೀರೇನ್ರಿ? ಹಾದಿ ಕಾಣ್ತೈತಾ ನಿಮಗ?"

"ಏನೂ ಕಾಣಂಗಿಲ್ಲ."

"ಮತ್ತ ಅಂಜಿಕಿ ಬರಂಗಿಲ್ಲೇನ್ರಿ?"

ಗೌಡರು ಹುಲುಗಪ್ಪನ ಕಡೆ ಗದ್ದ ತಿರುಗಿಸಿದರು. "ಅವಂಗ ಕಾಣ್ತೈತಲ್ಲ" ಎಂದು ಸೀಟಿಗೆ ಒರಗಿ ಕಣ್ಣು ಮುಚ್ಚಿದರು.